ತಿಗಣೆ ಯಾರ ಮನೆಯವು

“ಬುದ್ಧೀ, ಹತ್ತು ಜನ ಇರುವಲ್ಲಿ ತಪ್ಪು ಯಾರದೆಂದು ಕಂಡುಹಿಡಿಯುವುದು ಹೇಗೆ?” ಎಂದು ಅಡಿವೆಯ್ಯ ಕೇಳಿದ.

ಗುರುಗಳು ಮಠದ ಜಗಲಿಯ ಮೇಲೆ ಕಂಬಳಿ ಹಾಸಿಕೊಂಡು ಕೂತು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತದೆ, ಅಂಥದ್ದೇನಾಯಿತು ಎಂದು ವಿಚಾರಿಸಿದರು.

ಆದದ್ದು ಇಷ್ಟು. ಶಿಷ್ಯರು ಮಲಗುವ ಪಡಸಾಲೆಗೆ ತಿಗಣೆ ಬಂದಿದ್ದವು. ಯಾರಿಗೂ ಸರಿಯಾಗಿ ನಿದ್ದೆಯಿಲ್ಲ. ಪಾಠಕ್ಕೆ ಕೂತವರು ಒಬ್ಬರ ಹೆಗಲ ಮೇಲೆ ಒಬ್ಬರು ತೂಕಡಿಸುತ್ತಿದ್ದರು. ಮಠದ ಉಗ್ರಾಣ ನೋಡಿಕೊಳ್ಳುವವನು ಅಡಿವೆಯ್ಯ. ಅವನು ತಾನೇ ವಿಚಾರಣೆ ನಡೆಸಿ ತೀರ್ಪಿಗೂ ಬಂದಾಗಿತ್ತು. ಈಚೆಗೆ ಕೊಟ್ರಪ್ಪ ಎಂಬ ಹೊಸಬ ಮಠ ಸೇರಿದ್ದ. ಹೆಂಡತಿ ತೀರಿಕೊಂಡ ಮೇಲೆ ಅವಳು ಹೊಲಿದ ಕೌದಿಯೊಂದನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಬಂದವನು. ಆ ಕೌದಿಯನ್ನು ಸುಟ್ಟು, ಅವನನ್ನು ಊರಿಗೆ ಕಳಿಸಲು ಅಪ್ಪಣೆಯಾಗಬೇಕು ಎಂಬುದು ಅಡಿವೆಯ್ಯನ ಬಿನ್ನಹ. ಉಳಿದವರು ಆಗಲೇ ಕೊಟ್ರಪ್ಪನ ಪಕ್ಕದಲ್ಲಿ ಹಾಸಿಗೆ ಹಾಸುವುದನ್ನು ಬಿಟ್ಟಿದ್ದರು. ಅವನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಕೌದಿ ಎತ್ತಿಕೊಂಡು ದನದ ಕೊಟ್ಟಿಗೆಯ ಪಕ್ಕಕ್ಕೆ ಹೋಗಿ ಮಲಗುತ್ತಿದ್ದ.

ಅವನು ಬರುವ ಮೊದಲು ಮಠದಲ್ಲಿ ಒಂದೇ ಒಂದು ತಿಗಣೆ ಇರಲಿಲ್ಲ ಎಂದು ಹೇಳಿ ಅಡಿವೆಯ್ಯ ಮುಂಗೈ ಕೆರೆದುಕೊಂಡ. ಕೊಟ್ರಪ್ಪ ಬರುವುದಕ್ಕೂ ಸ್ವಲ್ಪ ಮೊದಲು ತಾನು ಭಕ್ತರೊಬ್ಬರ ಮನೆಯ ಮದುವೆಗೆ ಹೋಗಿ, ಛತ್ರದ ಮೆತ್ತನೆಯ ಗಾದಿಯ ಮೇಲೆ ಮಲಗಿ ಬಂದದ್ದನ್ನು ಅವನು ಹೇಳಲಿಲ್ಲ. ಹೇಳಬೇಕೆಂದು ತೋಚಲೂ ಇಲ್ಲ.

ಗುರುಗಳಿಗೆ ಇದ್ದದ್ದು ಆ ಕಂಬಳಿ ಒಂದೇ. ಕೂರುವುದೂ ಅದರ ಮೇಲೆ, ಮಲಗುವುದೂ ಅದರ ಮೇಲೆ. ಬೆಳಗಾದ ಕೂಡಲೇ ಅದನ್ನು ಕೊಡವಿ ಹಿತ್ತಲ ಗೋಡೆಯ ಮೇಲೆ ಬಿಸಿಲಿಗೆ ಹರಡುವುದು ಅವರ ರೂಢಿ. ಅಡಿವೆಯ್ಯ ಮಠಕ್ಕೆ ಬಂದ ದಿನದಿಂದ ಅದನ್ನು ನೋಡಿದ್ದ. ಅದರಲ್ಲಿ ತಿಗಣೆಯ ಮಾತು ಹಾಗಿರಲಿ, ಒಂದು ಹುಲ್ಲೆಸಳೂ ಉಳಿಯುತ್ತಿರಲಿಲ್ಲ.

“ಕೂತುಕೋ,” ಎಂದರು ಗುರುಗಳು. “ಈ ಗುಡ್ಡೆ ನೀನು ಸುಲಿ. ಒಂದು ಕತೆ ಹೇಳುತ್ತೇನೆ. ಕೇಳಿದ ಮೇಲೂ ಯಾರನ್ನಾದರೂ ಕಳಿಸಬೇಕು ಅನ್ನಿಸಿದರೆ ಕಳಿಸೋಣ.”

ಅಡಿವೆಯ್ಯ ಕೂತ. ಗುರುಗಳು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಬೇಳೆ ವ್ಯಾಪಾರಿ ಇದ್ದ. ತೂಕದಲ್ಲಿ ಮೋಸವಿಲ್ಲ, ಮಾತಿನಲ್ಲಿ ಬಿರುಸಿಲ್ಲ. ಬಾಗಿಲಿಗೆ ಬಂದವರು ಹಸಿದುಕೊಂಡು ಹೋದದ್ದಿಲ್ಲ. ಇಂಥ ಮನುಷ್ಯನಿಗೆ ಒಂದೇ ಒಂದು ಊನ. ‘ತಪ್ಪು ನನ್ನದು’ ಎಂಬ ಮಾತಿಗೆ ಅವನ ನಾಲಗೆ ಹೊರಳುತ್ತಿರಲಿಲ್ಲ. ಬೇಳೆ ಚೆಲ್ಲಿದರೆ ತಕ್ಕಡಿ ಸರಿಯಿಲ್ಲ. ಎಡವಿ ಬಿದ್ದರೆ ಹೊಸ್ತಿಲು ಎತ್ತರ. ಮರೆತು ಎರಡು ಸಲ ಉಪ್ಪು ಹಾಕಿಕೊಂಡು ಉಂಡ ದಿನ, ಈಚಿನ ಉಪ್ಪೇ ಬಹಳ ಉಪ್ಪು ಎಂದುಬಿಟ್ಟ. ಹೆಂಡತಿ ನಗು ತಡೆಯಲಾರದೆ ಒಳಗೆ ಹೋದಳು. ಹಾಗೆ ನಗುವಷ್ಟು ಪ್ರೀತಿ ಆ ಮನೆಯಲ್ಲಿ ಇತ್ತು.

ಮನೆಯಲ್ಲಿ ಹೆಂಡತಿಯ ಜೊತೆಗೆ ಅವನ ಅಕ್ಕ ಇದ್ದಳು. ಗಂಡ ಹೋದ ಮೇಲೆ ತಮ್ಮನ ಆಸರೆಗೆ ಬಂದವಳು. ಮತ್ತೆ ಒಬ್ಬಳೇ ಮಗಳು, ಹಾಲವ್ವ. ಅವಳೆಂದರೆ ಮೂವರಿಗೂ ಜೀವ. ಅವಳಿಗೆ ತಲೆನೋವು ಬಂದರೆ ಮೂರು ಕಡೆಯಿಂದ ಮೂರು ಕಷಾಯ ಬರುತ್ತಿದ್ದವು, ಪಾಪ ಅವಳು ಮೂರನ್ನೂ ಕುಡಿಯುತ್ತಿದ್ದಳು.

ಇಂಥ ಮನೆಗೆ ತಿಗಣೆ ಹೊಕ್ಕವು.

ತಿಗಣೆ ಹೊಕ್ಕರೆ ಏನು ಮಾಡಬೇಕು? ಹಾಸಿಗೆ ಬಿಸಿಲಿಗೆ ಹಾಕಬೇಕು, ಮಂಚಕ್ಕೆ ಕುದಿನೀರು ಹೊಯ್ಯಬೇಕು, ಗೋಡೆಯ ಬಿರುಕಿಗೆ ಸುಣ್ಣ ಬಳಿಯಬೇಕು. ಹುಟ್ಟಿದ ಮಗುವಿಗೂ ಗೊತ್ತಿರುವ ಸಂಗತಿ. ಅವರು ಅದನ್ನು ಮಾಡಲಿಲ್ಲ. ಯಾರು ತಂದರು ಎಂದು ಕೇಳಲು ಕೂತರು.

ಅಕ್ಕ ಯಾತ್ರೆಗೆ ಹೋಗಿದ್ದಳಲ್ಲ, ಅವಳ ಗಂಟಿನಲ್ಲಿ ಬಂದವು ಎಂದ ವ್ಯಾಪಾರಿ. ದೇವರ ಪ್ರಸಾದ ತಂದ ಗಂಟಿನಲ್ಲಿ ತಿಗಣೆ ಬರುತ್ತದೆಯೇ, ಊರೂರು ಸಂತೆ ಸುತ್ತಿ ಕಂಡಕಂಡ ಕಡೆ ಮಲಗಿ ಬರುವವನು ನೀನು ಎಂದಳು ಅಕ್ಕ. ಇಬ್ಬರೂ ಅಲ್ಲ, ಅಗ್ಗಕ್ಕೆ ಸಿಕ್ಕಿತೆಂದು ಇವರು ಯಾರದೋ ಮನೆಯ ಹಳೇ ಮಂಚ ಹೊರಿಸಿಕೊಂಡು ಬಂದರಲ್ಲ, ಅದರಲ್ಲಿ ಸಂಸಾರ ಸಮೇತ ಬಂದವು ಎಂದಳು ಹೆಂಡತಿ. ಮಂಚದ ಮಾತು ಬಂದದ್ದೇ ತಡ, ವ್ಯಾಪಾರಿಗೆ ಸಿಟ್ಟು ನೆತ್ತಿಗೇರಿತು. ನಿನ್ನ ತವರಿನ ಕೌದಿ ಏನು ಗಂಗೆಯಲ್ಲಿ ಮಿಂದು ಬಂದಿತ್ತೋ ಎಂದು ಕೇಳಿದ.

“ಹಾಗಾದರೆ ಮಂಚದವೇ ಇರಬೇಕು,” ಎಂದ ಅಡಿವೆಯ್ಯ, ಅವರೆ ಸುಲಿಯುವುದನ್ನು ನಿಲ್ಲಿಸಿ.

ಇರಬಹುದು. ನಾನು ತಿಗಣೆಗಳನ್ನು ಕೇಳಲಿಲ್ಲ ಎಂದರು ಗುರುಗಳು. ನೀನು ಸುಲಿ.

ಹೀಗೆ ದಿನ ಹೋದವು. ಅದರಲ್ಲಿ ಇನ್ನೊಂದು ಗಂಟು ಬಿತ್ತು. ಯಾರು ಮೊದಲು ತಮ್ಮ ಹಾಸಿಗೆಯನ್ನು ಬಿಸಿಲಿಗೆ ಒಯ್ಯುತ್ತಾರೋ ಅವರು ತಪ್ಪು ಒಪ್ಪಿಕೊಂಡ ಹಾಗೆ ಆಯಿತು. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮೂವರಿಗೂ ಗೊತ್ತಿತ್ತು. ಒಮ್ಮೆ ಅಕ್ಕ ಸುಮ್ಮನೆ ದಿಂಬು ಎತ್ತಿ ಬಾಗಿಲ ತನಕ ಬಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಎಂದ ತಮ್ಮ. ಅಕ್ಕ ದಿಂಬನ್ನು ಒಳಗೆ ಒಯ್ದು ಇದ್ದಲ್ಲೇ ಇಟ್ಟಳು. ಬೇಸಿಗೆಯ ಬಿಸಿಲು ಅಂಗಳದಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ಮೂವರೂ ನೆರಳಲ್ಲಿ ಕೂತು ಮೈ ಕೆರೆದುಕೊಳ್ಳುತ್ತಿದ್ದರು. ತಿಗಣೆಗಳಿಗೆ ಅದಕ್ಕಿಂತ ಒಳ್ಳೆಯ ಕಾಲ ಬಂದಿರಲಿಲ್ಲ.

ಹಾಲವ್ವ ಮಾತ್ರ ಯಾರ ಪಕ್ಷವನ್ನೂ ವಹಿಸಲಿಲ್ಲ. ದಿನಾ ಬೆಳಿಗ್ಗೆ ಕಸಬರಿಗೆಯ ಒಂದು ಕಡ್ಡಿ ಮುರಿದುಕೊಂಡು, ಮಂಚದ ಸಂದಿನಿಂದ ಸಿಕ್ಕಷ್ಟನ್ನು ಕೆದಕಿ ತೆಗೆದು ನೀರಿಗೆ ಹಾಕುತ್ತಿದ್ದಳು. ಒಬ್ಬಳ ಕೈಯಲ್ಲಿ ಎಷ್ಟು ಆದೀತು? ಇವತ್ತು ತೆಗೆದಷ್ಟು ನಾಳೆ ಬರುತ್ತಿದ್ದವು.

ಅಷ್ಟರಲ್ಲಿ ಹಾಲವ್ವನಿಗೆ ಗಂಡು ಗೊತ್ತಾಯಿತು. ಪಕ್ಕದ ಹೋಬಳಿಯ ಒಬ್ಬ ರೈತನ ಮಗ. ಒಳ್ಳೆಯ ಮನೆ. ಮದುವೆಗೆ ಹೆಣ್ಣಿನ ಮನೆಯವರು ಹಾಸಿಗೆ, ದಿಂಬು ಕೊಡುವುದು ಪದ್ಧತಿಯಲ್ಲವೇ. ವ್ಯಾಪಾರಿ ಕೈ ಬಿಗಿ ಮಾಡಲಿಲ್ಲ. ಹೊಸ ಹತ್ತಿ ತರಿಸಿದ, ಕೆಂಪು ಪಟ್ಟೆಯ ಗಟ್ಟಿ ಬಟ್ಟೆ ತರಿಸಿದ, ಗಾದಿ ಹೊಲಿಯುವವರನ್ನು ಮನೆಗೇ ಕರೆಸಿ ಹೊಲಿಸಿದ. ಊರಿನ ಹೆಂಗಸರು ಬಂದು ಒತ್ತಿ ನೋಡಿ ಹೊಗಳಿ ಹೋದರು. ಹಾಸಿಗೆಯನ್ನು ಸುತ್ತಿ, ಮದುವೆಯ ದಿನದವರೆಗೆ ಒಳಕೋಣೆಯಲ್ಲಿ ಗೋಡೆಗೆ ಒರಗಿಸಿ ಇಟ್ಟರು. ಆ ಗೋಡೆಯ ಪಕ್ಕದಲ್ಲೇ ಇದ್ದದ್ದು ಹಳೇ ಮಂಚ.

ಮದುವೆಯಾಯಿತು. ಹಾಲವ್ವ ಗಾಡಿ ಹತ್ತಿದಳು. ಹಾಸಿಗೆಯೂ ಹತ್ತಿತು. ಅವಳು ಹೋದ ಮಾರನೆಯ ದಿನ ವ್ಯಾಪಾರಿಗೆ ಮನೆಯಲ್ಲಿ ನಿಲ್ಲಲು ಆಗಲಿಲ್ಲ. ಸುಮ್ಮನೆ ಒಳಕೋಣೆಗೆ ಹೋದ. ಹಾಸಿಗೆ ಒರಗಿಸಿದ್ದ ಜಾಗ ಬರಿದಾಗಿತ್ತು. ಆ ಜಾಗದಲ್ಲಿ ಗೋಡೆಯ ಮೇಲೆ ತಿಗಣೆಯ ಸಾಲೊಂದು ಮಂಚದ ಕಡೆಯಿಂದ ಬಂದು ಅಲ್ಲಿಗೆ ನಿಂತಿತ್ತು.

ಎಲ್ಲಿಗೆ ಹೋಗಿವೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಹೊಸ ಸೊಸೆ ಗಂಡನ ಮನೆಯ ಹೊಸ್ತಿಲು ದಾಟಿ ಇನ್ನೂ ಒಂದು ದಿನ. ಅವಳ ಹಾಸಿಗೆ ಬಿಚ್ಚಿದರೆ ತವರಿನ ತಿಗಣೆ. ‘ಬಳುವಳಿಯಲ್ಲಿ ತಿಗಣೆ ತಂದ ಸೊಸೆ’ ಎಂದು ಒಂದು ಸಲ ಹೆಸರು ಬಿದ್ದರೆ, ಅವಳು ಮೊಮ್ಮಕ್ಕಳನ್ನು ಎತ್ತಿ ಆಡಿಸುವಾಗಲೂ ಅದು ಹೋಗುವುದಿಲ್ಲ. ಅಲ್ಲಿ ಆಗಲೇ ಅವಳನ್ನು ಯಾರೋ ಹಂಗಿಸುತ್ತಿದ್ದಾರೆ, ಅವಳು ತಲೆ ತಗ್ಗಿಸಿ ನಿಂತಿದ್ದಾಳೆ ಎಂದು ಅವನ ಕಣ್ಣಿಗೆ ಕಟ್ಟಿತು.

ಹೆಂಡತಿಗೆ ಹೇಳೋಣವೆಂದರೆ, ಮಂಚದವೇ ಎಂದು ತಾನು ಒಪ್ಪಿದ ಹಾಗಾಗುತ್ತದೆ. ಅಕ್ಕನಿಗೆ ಹೇಳೋಣವೆಂದರೆ ಅದೂ ಅಷ್ಟೇ. ನೋಡು ಅಡಿವೆಯ್ಯಾ, ಮಗಳ ಬಾಳಿನ ಪ್ರಶ್ನೆ ಬಂದಾಗಲೂ ಆ ಮಾತು ಗಂಟಲಿನಿಂದ ಹೊರಗೆ ಬರಲಿಲ್ಲ. ಅವನು ಕೆಟ್ಟವನಲ್ಲ, ನಮ್ಮ ಹಾಗೆ ಇದ್ದವನು.

ಸಂತೆಗೆ ಹೋದಲ್ಲೆಲ್ಲ ಆ ಊರಿನ ಕಡೆಯವರು ಸಿಕ್ಕರೆ ಮಗಳ ವಿಷಯ ಕೇಳುತ್ತಿದ್ದ. ಚೆನ್ನಾಗಿದ್ದಾಳೆ ಅನ್ನುತ್ತಿದ್ದರು. ಅವನು ನಂಬುತ್ತಿರಲಿಲ್ಲ. ಹೇಳಬಾರದೆಂದು ಮುಚ್ಚಿಡುತ್ತಿದ್ದಾರೆ ಅಂದುಕೊಳ್ಳುತ್ತಿದ್ದ. ಊಟ ಕಡಿಮೆಯಾಯಿತು. ಮಗಳನ್ನು ಕಳಿಸಿದ ಸಂಕಟ, ಪಾಪ ಎಂದು ಹೆಂಡತಿಯೂ ಅಕ್ಕನೂ ಸರದಿಯ ಮೇಲೆ ಅವನಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಬಡಿಸಿದರು. ಅವನಿಗೆ ಅದೂ ಇಳಿಯಲಿಲ್ಲ.

ಕೊನೆಗೆ ತಡೆಯಲಾರದೆ ಒಂದು ದಿನ ಹೊಸ ತೊಗರಿಬೇಳೆಯ ಚೀಲ ಹೆಗಲಿಗೇರಿಸಿ ಬೀಗರ ಊರಿಗೆ ಹೊರಟ. ಪಂಚಮಿಗೆ ಮಗಳನ್ನು ಕರೆತರಲು ಹೋಗುವುದು ರೂಢಿ, ಅದಕ್ಕೆ ಇನ್ನೂ ಬಹಳ ದಿನ ಇತ್ತು. ಈ ದಾರಿಯಲ್ಲೇ ವ್ಯಾಪಾರಕ್ಕೆ ಬಂದಿದ್ದೆ ಎಂದು ಹೇಳಿದರಾಯಿತು. ತಿಗಣೆಯ ಮಾತು ಬಂದರೆ? ಅದಕ್ಕೂ ಉತ್ತರ ಸಿದ್ಧಮಾಡಿಕೊಂಡ. ಹಾಸಿಗೆ ಸಾಗಿಸಿದ ಗಾಡಿಯವನ ಗೋಣಿಚೀಲದಿಂದ ಹತ್ತಿರಬೇಕು ಎನ್ನುವುದು. ಗಾಡಿಯವನು ಬಡವ, ಬಹಳ ದೂರದವನು, ಬಂದು ಇಲ್ಲ ಅನ್ನುವವನಲ್ಲ. ದಾರಿಯುದ್ದಕ್ಕೂ ಆ ಮಾತನ್ನು ಬಾಯಿಪಾಠ ಮಾಡುತ್ತ ನಡೆದ.

ಅಡಿವೆಯ್ಯನ ಕೈ ಮತ್ತೆ ನಿಂತಿತ್ತು. ಅವನು ಕೊಟ್ಟಿಗೆಯ ಕಡೆ ಒಮ್ಮೆ ನೋಡಿದ. ಗುರುಗಳು ಅದನ್ನು ನೋಡದವರಂತೆ ಮುಂದುವರಿಸಿದರು.

ವ್ಯಾಪಾರಿ ಆ ಬೀದಿಯ ತಿರುವಿಗೆ ಬಂದಾಗ ನಡು ಮಧ್ಯಾಹ್ನ. ದೂರದಿಂದಲೇ ಕಂಡಿತು. ಬೀಗರ ಮನೆಯ ಮುಂದೆ, ಬೀದಿಯಲ್ಲಿ, ಹೋಗಿಬರುವವರೆಲ್ಲ ನೋಡುವ ಹಾಗೆ ಕೆಂಪು ಪಟ್ಟೆಯ ಹಾಸಿಗೆ ಹೊಲಿಗೆ ಬಿಚ್ಚಿ ಬಿದ್ದಿತ್ತು. ಪಕ್ಕದ ಚಾಪೆಯ ಮೇಲೆ ಅದರ ಹತ್ತಿಯ ರಾಶಿ. ಮುಗಿಯಿತು, ನನ್ನ ಮಗಳ ಮಾನವನ್ನು ಬೀದಿಗೆ ಹಾಕಿದರು ಅಂದುಕೊಂಡ. ತಿರುಗಿ ಹೋಗಿಬಿಡೋಣ ಅನ್ನಿಸಿತು. ಆದರೆ ಆ ಹತ್ತಿಯ ಮುಂದೆ ಮಗಳು ಕೂತಿದ್ದಳು. ಮಗಳನ್ನು ಕಂಡ ಮೇಲೆ ತಿರುಗಿ ಹೋಗುವುದು ಯಾವ ತಂದೆಗೆ ಆದೀತು?

ಹತ್ತಿರ ಹೋದ. ಹಾಲವ್ವ ಒಬ್ಬಳೇ ಇರಲಿಲ್ಲ. ಅವಳ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಪಕ್ಕದಲ್ಲೇ ಕೂತು ಹತ್ತಿ ಬಿಡಿಸುತ್ತಿದ್ದಳು. ಅಳಿಯ ಹಂಡೆಯಿಂದ ಕುದಿನೀರು ತಂದು ಮಂಚದ ಕಾಲಿಗೆ ಹೊಯ್ಯುತ್ತಿದ್ದ. ನೆರೆಮನೆಗಳ ಮುಂದೆಯೂ ಮಂಚಗಳು, ಚಾಪೆಗಳು, ಕೌದಿಗಳು. ಬೀದಿಗೆ ಬೀದಿಯೇ ಹಾಸಿಗೆ ಹೊರಗೆ ಹಾಕಿತ್ತು. ಯಾರೋ ಏನೋ ಅಂದರು, ಹಾಲವ್ವ ನಕ್ಕಳು. ತವರಿನಲ್ಲಿ ನಗುತ್ತಿದ್ದ ಹಾಗೆಯೇ ನಕ್ಕಳು.

ಬೀಗಿತಿ ಅವನನ್ನು ಕಂಡು ಗಡಬಡಿಸಿ ಎದ್ದು ತಲೆಯ ಮೇಲೆ ಸೆರಗು ಹೊದ್ದಳು.

“ಬನ್ನಿ ಬೀಗರೇ. ಒಳ್ಳೆ ದಿನ ನೋಡಿ ಬಂದಿರಿ, ಕೂರಿಸೋಣ ಅಂದರೆ ಒಳಗೆ ಒಂದು ಚಾಪೆ ಇಲ್ಲ,” ಎಂದಳು. “ಏನು ಹೇಳಲಿ, ನಮ್ಮ ಮನೆ ತಿಗಣೆ ನಿಮ್ಮ ಹೊಸ ಹಾಸಿಗೆಗೂ ಹತ್ತಿಬಿಟ್ಟವು. ಎಂಥಾ ಮನೆಗೆ ಮಗಳನ್ನ ಕೊಟ್ಟೆನಪ್ಪಾ ಅಂತ ಬೇಜಾರು ಮಾಡಿಕೋಬೇಡಿ.”

ವ್ಯಾಪಾರಿ ಬಾಯಿ ತೆರೆದ. ಬಾಯಿಪಾಠ ಮಾಡಿಕೊಂಡು ಬಂದ ಮಾತು ಒಂದೂ ನೆನಪಿಗೆ ಬರಲಿಲ್ಲ. ಅವನು ಬೇಳೆಯ ಚೀಲವನ್ನು ಜಗಲಿಯ ಮೇಲಿಟ್ಟ.

ಕಾಲು ತೊಳೆಯಲು ನೀರು ಕೊಡುತ್ತೇನೆಂದು ಹಾಲವ್ವ ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ಅಲ್ಲಿ ಅವನು ಮೆಲ್ಲಗೆ, ಈ ಮನೆಯಲ್ಲಿ ಮೊದಲೇ ತಿಗಣೆ ಇದ್ದವೇನವ್ವ ಎಂದು ಕೇಳಿದ. ಅವನ ದನಿಯಲ್ಲಿ ಇನ್ನೂ ಒಂದು ಆಸೆ ಉಳಿದಿತ್ತು. ಇದ್ದವು ಎಂದು ಮಗಳು ಅಂದುಬಿಟ್ಟರೆ ಸಾಕಿತ್ತು.

ಹಾಲವ್ವ ಎಲ್ಲವನ್ನೂ ಹೇಳಿದಳು. ಬಂದ ವಾರದೊಳಗೆ ಹಾಸಿಗೆಯ ಹೊಲಿಗೆಯಲ್ಲಿ ಮೊದಲನೆಯದು ಕಂಡಿತ್ತು. ಅಷ್ಟರಲ್ಲಿ ಅತ್ತೆ ಒಳಗೆ ಬಂದರು. ಇವಳು ಅದರ ಮೇಲೆ ಅಂಗೈ ಮುಚ್ಚಿ ಕೂತಳು. ಅತ್ತೆ ಕೈ ಎತ್ತಿಸಿ ನೋಡಿದರು. ಆಮೇಲೆ, ಅಯ್ಯೋ ನಮ್ಮ ಮನೆ ತಿಗಣೆ ಹೊಸದಾಗಿ ಬಂದ ನಿನ್ನನ್ನೂ ಬಿಡಲಿಲ್ಲವೇನೇ ಎಂದು ಅಂದು, ಹೆಬ್ಬೆರಳಿನಿಂದ ಅದನ್ನು ಒರೆಸಿ ಹಾಕಿದರು. ಅವತ್ತೇ ಬೀದಿಗೆ ಹೋಗಿ, ನಮ್ಮ ಮನೆಯಲ್ಲಿ ತಿಗಣೆಯಾಗಿವೆ, ನಿಮ್ಮಲ್ಲಿಗೂ ದಾಟಿರಬಹುದು, ನೋಡಿಕೊಳ್ಳಿ ಎಂದು ಮನೆಮನೆಗೆ ಹೇಳಿ ಬಂದರು. ಹಾಗೆ ಒಬ್ಬರು ಬಾಯಿ ಬಿಟ್ಟ ಮೇಲೆ ಇನ್ನೆರಡು ಮನೆಯವರು, ತಮ್ಮಲ್ಲೂ ಎಷ್ಟೋ ದಿನದಿಂದ ಇವೆ, ಹೇಳಲು ನಾಚಿಕೆಯಾಗಿ ಸುಮ್ಮನಿದ್ದೆವು ಅಂದರು. ಅಂದಿನಿಂದ ಬಿಸಿಲು ಚುರುಕಾದ ದಿನ ಬೀದಿಯವರೆಲ್ಲ ಒಟ್ಟಿಗೆ ಹಾಸಿಗೆ ಹೊರಗೆ ಹಾಕುತ್ತಾರೆ. ಒಂದೇ ದಿನ ಹಾಕಿದರೆ ಈ ಮನೆಯಿಂದ ಆ ಮನೆಗೆ ಓಡಿ ಬಚ್ಚಿಟ್ಟುಕೊಳ್ಳಲು ಅವಕ್ಕೆ ಜಾಗ ಇರುವುದಿಲ್ಲವಲ್ಲ. ಮೊಟ್ಟೆ ಒಡೆದು ಮರಿಗಳು ಹೊರಟ ಮೇಲೆ ಮತ್ತೆ ಹಾಕಬೇಕು. ಇವತ್ತು ಅದೇ ನಡೆದಿದೆ.

“ಮೊದಲು ಇದ್ದವೋ ಇಲ್ಲವೋ ಹೇಳಲಿಲ್ಲವಲ್ಲೇ,” ಎಂದ ವ್ಯಾಪಾರಿ.

“ಅಪ್ಪಾ, ತಿಗಣೆ ಇದ್ದ ಮನೆಯವರಿಗೆ ಮಂಚದ ಯಾವ ಸಂದಿಗೆ ನೀರು ಹೊಯ್ಯಬೇಕು ಅಂತ ಗೊತ್ತಿರುತ್ತೆ,” ಎಂದಳು ಹಾಲವ್ವ. “ಇವರು ಮಂಚದ ನಡುವಿಗೆ ಹೊಯ್ಯುತ್ತಿದ್ದರು. ಸಂದು ತೋರಿಸಿದವಳು ನಾನು. ಅತ್ತೆ ನನ್ನ ಮುಖ ನೋಡಿ, ಜಾಣೆ ನೀನು ಅಂದರು. ಅಷ್ಟೇ ಅಂದರು.”

ಅವಳ ಕಣ್ಣಲ್ಲಿ ನೀರು ತುಂಬಿತ್ತು, ಮುಖದಲ್ಲಿ ನಗು ಇತ್ತು. ವ್ಯಾಪಾರಿ ಕಾಲಿನ ಮೇಲೆ ನೀರು ಹೊಯ್ದುಕೊಂಡದ್ದೇ ಹೊಯ್ದುಕೊಂಡದ್ದು. ತಂಬಿಗೆ ಬರಿದಾದದ್ದು ಅವನಿಗೆ ಗೊತ್ತಾಗಲಿಲ್ಲ.

ಊಟಕ್ಕೆ ಕೂರಿಸಿದರು. ಅವನೇ ತಂದ ಬೇಳೆಯ ಸಾರು ಮಾಡಿದ್ದರು. ಬೇಳೆ ಬೆಣ್ಣೆಯ ಹಾಗೆ ಬೆಂದಿದೆ ಎಂದು ಬೀಗಿತಿ ಹೊಗಳಿ ಹೊಗಳಿ ಬಡಿಸಿದಳು. ಎಲ್ಲರ ಎದುರಿಗೆ ಬೈದಿದ್ದರೆ ಅವನು ಜಗಳ ಆಡುತ್ತಿದ್ದ, ಗಾಡಿಯವನನ್ನು ಎಳೆದು ತರುತ್ತಿದ್ದ. ಬೈಯದೆ ಬಡಿಸುವವರಿಗೆ ಏನು ಉತ್ತರ ಕೊಡುವುದು? ಜನ್ಮದಲ್ಲಿ ಹೊರಳದ ನಾಲಗೆ ಅಂದು ಹೊರಳಬೇಕೆಂದು ಒದ್ದಾಡಿತು. ಊಟ ಮುಗಿಸಿ ಅವನು ಹೊರಗೆ ಬಂದ. ಬೀಗಿತಿ ಆಗಲೇ ಹೋಗಿ ಹಾಸಿಗೆಯ ಒಂದು ತುದಿ ಹಿಡಿದು ನಿಂತಿದ್ದಳು. ಅವನು ಎದುರಿಗೆ ಹೋಗಿ ನಿಂತು ಕೈಮುಗಿದ.

“ಅವ್ವಾ, ಆ ತಿಗಣೆ ನಿಮ್ಮ ಮನೆಯವಲ್ಲ…”

“ಬೀಗರೇ, ಬಿಸಿಲು ಇಳಿಯುತ್ತಾ ಇದೆ,” ಎಂದಳು ಅವಳು. “ಆ ತುದಿ ಹಿಡೀರಿ.”

ಅವನು ತುದಿ ಹಿಡಿದ. ಇಬ್ಬರೂ ಸೇರಿ ಹಾಸಿಗೆಯ ಬಟ್ಟೆಯನ್ನು ಕೊಡವಿದರು, ಮಗುಚಿದರು, ಮತ್ತೆ ಕೊಡವಿದರು. ಸಂಜೆಯವರೆಗೆ ಅವನು ಅಲ್ಲಿಯೇ ಇದ್ದು ಮಂಚದ ಸಂದಿಗೆ ನೀರು ಹೊಯ್ದ, ನೆರೆಮನೆಯವರ ಗೋಡೆಗೂ ಸುಣ್ಣ ಬಳಿದ. ಊರಿನವರು ಬೀಗರು ಎಷ್ಟು ಒಳ್ಳೆಯವರು ಅಂದರು. ಅವನು ಯಾರಿಗೂ ಮುಖ ಕೊಡಲಿಲ್ಲ.

ತನ್ನ ಊರಿಗೆ ಬಂದ ದಿನ ಅವನು ಅಂಗಡಿಯ ಬಾಗಿಲು ತೆಗೆಯಲಿಲ್ಲ. ನೇರ ಒಳಕೋಣೆಗೆ ಹೋದ. ಹಳೇ ಮಂಚವನ್ನು ಒಬ್ಬನೇ ದರದರನೆ ಎಳೆದುಕೊಂಡು ಪಡಸಾಲೆ ದಾಟಿ, ಹೊಸ್ತಿಲು ದಾಟಿ, ಬೀದಿಯ ನಡುವೆ ತಂದು ನಿಲ್ಲಿಸಿದ. ಸದ್ದಿಗೆ ಹೆಂಡತಿ ಬಂದಳು, ಅಕ್ಕ ಬಂದಳು. ಬಾಗಿಲಲ್ಲಿ ನಿಂತು ನೋಡಿದರು.

“ತಿಗಣೆ ನನ್ನವು,” ಎಂದ ವ್ಯಾಪಾರಿ. “ನಾನು ತಂದ ಮಂಚದವು.”

ಆಮೇಲೆ ಅಕ್ಕ ಒಳಗೆ ಹೋಗಿ ತನ್ನ ಯಾತ್ರೆಯ ಗಂಟು ತಂದು ಮಂಚದ ಪಕ್ಕದಲ್ಲಿ ಹಾಕಿದಳು. ಅವತ್ತು ಬಂದು ಬಿಚ್ಚಿದಾಗಲೇ ಒಂದು ತಿಗಣೆ ಹರಿದು ಹೋದ ಹಾಗಿತ್ತು, ಸುಮ್ಮನಿದ್ದೆ ಎಂದಳು. ಹೆಂಡತಿ ತವರಿನ ಕೌದಿ ಎತ್ತಿಕೊಂಡು ಬಂದಳು. ಅದು ಮಂಚ ಬರುವ ಮೊದಲೇ ಕಚ್ಚುತ್ತಿತ್ತು, ತವರಿನ ಹೆಸರು ಹೋಗುತ್ತದೆ ಎಂದು ಹೇಳಲಿಲ್ಲ ಎಂದಳು. ಇಲ್ಲ, ಮಂಚದವೇ ಎಂದ ವ್ಯಾಪಾರಿ. ನಿನಗೇನು ಗೊತ್ತು, ಗಂಟಿನವು ಎಂದಳು ಅಕ್ಕ. ಅದೇ ಮೂವರು, ಅದೇ ಜಗಳ. ನಿನ್ನೆಯವರೆಗೆ ನನ್ನದಲ್ಲ ಎಂದು ಆಡಿದ್ದರು, ಅಂದು ನನ್ನದು ಎಂದು ಆಡಿದರು. ಆಡುತ್ತಾ ಆಡುತ್ತಾ ಹಾಸಿಗೆಗಳನ್ನೆಲ್ಲ ಬಿಸಿಲಿಗೆ ಹಾಕಿದ್ದರು, ಹಂಡೆಯಲ್ಲಿ ನೀರು ಕುದಿಯುತ್ತಿತ್ತು.

ಪಂಚಮಿಗೆ ಹಾಲವ್ವ ತವರಿಗೆ ಬಂದಳು. ಬಂದ ಮಾರನೆಯ ದಿನ ಹೊತ್ತು ನೆತ್ತಿಗೆ ಬರುವ ತನಕ ಮಲಗಿದ್ದಳು. ಜೋಕಾಲಿ ಆಡಲು ಕರೆಯಲು ಬಂದ ಗೆಳತಿಯರನ್ನು ಅವಳ ತಾಯಿ ಬಾಗಿಲಲ್ಲೇ ತಡೆದಳು. ವ್ಯಾಪಾರಿ ಕಾಲುಸದ್ದಾಗದ ಹಾಗೆ ಎರಡು ಸಲ ಹೋಗಿ ನೋಡಿ ಬಂದ. ಮಗಳು ಒಂದು ಸಲವೂ ಮೈ ಕೆರೆದುಕೊಳ್ಳಲಿಲ್ಲ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಅವರ ಮುಂದಿನ ಅವರೆ ಮುಗಿದಿತ್ತು. ಅಡಿವೆಯ್ಯನ ಮುಂದಿನದು ಅರ್ಧ ಉಳಿದಿತ್ತು.

ಕೊಟ್ಟಿಗೆಯ ಕಡೆಯಿಂದ ಕೊಟ್ರಪ್ಪ ದನಕ್ಕೆ ಹುಲ್ಲು ಹಾಕುವ ಸದ್ದು ಕೇಳುತ್ತಿತ್ತು. ಅಡಿವೆಯ್ಯ ಒಂದು ಕಾಯಿ ಎತ್ತಿಕೊಂಡ, ಸುಲಿಯದೆ ಕೆಳಗಿಟ್ಟ. ಛತ್ರದ ಗಾದಿ ಅವನಿಗೆ ಆಗ ನೆನಪಾಗಿತ್ತು. ಆದರೂ ತಿಳಿಯಬೇಕೆಂಬ ಆಸೆ ಬಿಡಲಿಲ್ಲ. ಮುಂಗೈಯನ್ನು ಉತ್ತರೀಯದೊಳಗೆ ಎಳೆದುಕೊಂಡು, ನೆಲ ನೋಡುತ್ತ ಕೇಳಿದ.

“ಹಾಗಾದರೆ ನಮ್ಮ ಮಠದ ತಿಗಣೆ ಯಾರವು, ಬುದ್ಧೀ?”

ಗುರುಗಳು ಎದ್ದು ನಿಂತರು. ಕೂತಿದ್ದ ಕಂಬಳಿಯನ್ನು ನೆಲದಿಂದ ಎತ್ತಿ, ಒಂದು ತುದಿಯನ್ನು ಅವನ ಕಡೆ ಚಾಚಿದರು.

“ನನ್ನ ಕಂಬಳಿಯವು ಅಡಿವೆಯ್ಯಾ, ಬಿಸಿಲು ಇಳಿಯುತ್ತಿದೆ, ಆ ತುದಿ ಹಿಡಿ.”

ಅಡಿವೆಯ್ಯ ಎದ್ದು ತುದಿ ಹಿಡಿದ.